ಬೆನ್ನಹಲಗೆ

ಬಂದರಿನ ಅಡ್ಡರಸ್ತೆಯಲ್ಲಿ, ಒಣಮೀನಿನ ಮಂಡಿಯ ಪಕ್ಕ
ನನ್ನದು ಗಾಜು ಕಟ್ಟುವ ಅಂಗಡಿ.
ಮನೆಯ ಗೋಡೆಯಲ್ಲಿ ನಮಗೆ ಮುಖ ಇಲ್ಲ, ಬಾಪಾನ ಕಟ್ಟಳೆ:
ಒಂದು ಗಡಿಯಾರ, ಮಸೀದಿಯ ಒಂದು ಕ್ಯಾಲೆಂಡರು, ಮುಗಿಯಿತು.
ಇಲ್ಲಿ ಮಾತ್ರ ಮುಖಗಳದ್ದೇ ಸಂತೆ:
ಕಟೀಲಿನ ಅಮ್ಮ, ಎದೆ ತೆರೆದ ಯೇಸು,
ನಿನ್ನೆ ತೀರಿಕೊಂಡ ಸೋಡಾ ಅಂಗಡಿಯ ಪದ್ದು ಪೂಜಾರಿ,
ಪಾಸ್‌ಪೋರ್ಟ್ ಫೋಟೋದಿಂದ ದೊಡ್ಡದು ಮಾಡಿಸಿದ್ದು,
ಕಿವಿ ಎರಡೂ ಮಸುಕು.

ಸೋಣ ತಿಂಗಳ ಒಂದು ಮಧ್ಯಾಹ್ನ
ಕರುಣಾವತಿ ಸಾಲಿನ್ಸ್ ಟೀಚರು ಬಲ್ಮಠದ ಗುಡ್ಡೆ ಇಳಿದು
ಆಟೋದಲ್ಲಿ ಅವನನ್ನು ಮಡಿಲಲ್ಲಿ ಕೂರಿಸಿಕೊಂಡು ಬಂದರು,
ಹಳೆಯ ಸೀರೆ ಸುತ್ತಿ.
ಇಂಗ್ಲೆಂಡಿನವನಂತೆ. ಸ್ವರ ಕಟ್ಟಿದವನಂತೆ.
ಸತ್ತು ಇನ್ನೂರು ವರ್ಷದ ಮೇಲಾಯ್ತು ಕಾಣ್ತದೆ,
ಹೆಸರು ಅಮ್ಮನಿಗೆ ಗೊತ್ತಿತ್ತು, ಎಂದರು.
ಹೆಸರಿದ್ದಲ್ಲಿ ಬೆಳ್ಳಿಹುಳ ಊಟ ಮುಗಿಸಿ ಎದ್ದುಹೋಗಿತ್ತು.

ಬಣ್ಣ ಇಲ್ಲ. ತಾಮ್ರದ ತಗಡಿನಲ್ಲಿ ಕೊರೆದು
ಕಾಗದಕ್ಕೆ ಒತ್ತಿದ ಗೆರೆ, ಬರೀ ಗೆರೆ.
ಕೆನ್ನೆಗೆ ಬಾಗಿದ್ದು, ಕೋಟಿಗೆ ನೆಟ್ಟಗಿನದ್ದು,
ಗದ್ದದ ಕೆಳಗೆ ಕತ್ತಲು ಬೇಕೆಂದು ಗೆರೆಯ ಮೇಲೆ ಅಡ್ಡಗೆರೆ,
ಬೆಂಗ್ರೆಯವರ ಬಲೆಯ ಕಣ್ಣಿನಷ್ಟು ಸಣ್ಣ.
ಮೂಗು ತಾಗುವಷ್ಟು ಹತ್ತಿರ ಹೋದರೆ ಮನುಷ್ಯನಿಲ್ಲ,
ಎರಡು ಹೆಜ್ಜೆ ಹಿಂದೆ ಸರಿದರೆ ಬಂದು ಕೂರುತ್ತಾನೆ,
ನೀರುದೋಸೆ ಮಡಚಿಟ್ಟ ಹಾಗೆ
ತಲೆಯ ಮೇಲೆ ಸುರುಳಿ ಸುರುಳಿ ಟೋಪನು.
ಬಾಯಿ ಮುಚ್ಚಿದೆ.
ಸ್ವರದವನ ಬಾಯಿ ಇಷ್ಟು ಬಿಗಿಯೇ?
ತುಟಿಗೆ ಮೂರೇ ಗೆರೆ. ಎಣಿಸಿದೆ.

ಇವನದೊಂದು ಧಾಟಿಗೆ ನಾವು ಕನ್ನಡ ಹಾಡುತ್ತೇವೆ,
ಮಣ್ಣಿಗೆ ಕೊಡುವಾಗ, ಎಂದರು ಟೀಚರು.
ಹೇಳಿ ತೋರಿಸಲಾ?
ಕಣ್ಣು ಮುಚ್ಚಿ ಗುನುಗಿದರು.
ಅಷ್ಟರಲ್ಲಿ ಐಸು ತುಂಬಿದ ಲಾರಿಯೊಂದು ದಕ್ಕೆಗೆ ಹೋಯಿತು,
ಹಿಂದೆ ಇನ್ನೊಂದು, ಹಾರ್ನು ಒತ್ತಿಕೊಂಡು.
ಅವರು ಕಣ್ಣು ತೆರೆದಾಗ
ಒಳ್ಳೆದುಂಟು ಎಂದೆ.

ರಾತ್ರಿ ಶಟರು ಅರ್ಧ ಎಳೆದು ಹಿಂದಿನ ಮೊಳೆ ಕಿತ್ತೆ.
ಹಲಸಿನ ಹಲಗೆ, ಒರಲೆಯೂ ಮೂಸದ್ದು.
ಒಳಮೈಗೆ ಕಪ್ಪು ಧೂಳು. ಊದಿದೆ.
ಸೀಸದಕಡ್ಡಿಯ ಅಕ್ಷರ ಎದ್ದು ಬಂತು:

ಆರ್ಗನಿಗೆ ಗಾಳಿ ಹಾಕಿದ ಐತನಿಗೆ ಎರಡಾಣೆ.
ಐತನಿಗೆ ಎರಡಾಣೆ.
ಐತ ನಡುವೆ ನಿದ್ದೆಹೋದ. ಒಂದಾಣೆ.
ಐತನಿಗೆ ಎರಡಾಣೆ, ಕ್ರಿಸ್ಮಸ್ಸಿನ ಬಾಬ್ತು ಒಂದು ಮುಂಡು.
ಐತನಿಗೆ ಜ್ವರ. ಇಂದು ಬರೇ ಬಾಯಿಹಾಡು.
ಐತನಿಗೆ ಜ್ವರ.
ಐತನ

ಅಲ್ಲಿಗೆ ಗರಗಸ ಬಿದ್ದಿದೆ.
ಯಾರೋ ಅಳತೆ ಹಿಡಿದು ಕೊಯ್ದು
ಇವನ ಬೆನ್ನಿಗೆ ಕೊಟ್ಟಿದ್ದಾರೆ.

ಐತಾರ ಹುಟ್ಟಿದ್ದಕ್ಕೆ ಐತ.
ಹುಡುಗನೋ ಮುದುಕನೋ, ಹಲಗೆ ಹೇಳುವುದಿಲ್ಲ.
ಪರದೆಯ ಹಿಂದೆ, ಮರದ ಹಿಡಿಯನ್ನು ಕೆಳಗೆ, ಮೇಲೆ, ಕೆಳಗೆ,
ಮುಂದೆ ಯಾರ ಪಾಟು ಬರುತ್ತದೆಂದು ಅವನಿಗೆ ಯಾರು ಹೇಳಬೇಕು?
ಹಾಡು ನಿಂತ ಮೇಲೂ ಎರಡು ಸಲ ಹಾಕಿರಬಹುದು,
ತೋಳಿಗೆ ಗೊತ್ತಾಗದೆ.

ಹಲಗೆ ತಿರುಗಿಸಿದೆ: ಗೆರೆಯವನು.
ತಿರುಗಿಸಿದೆ: ಐತ.
ಎಷ್ಟು ಹೊತ್ತು ಹೀಗೆ ಮಾಡಿದೆನೋ,
ಮನೆಯಿಂದ ಫೋನು ಬಂತು, ಗಂಜಿ ಆರಿತೆಂದು.

ಹೊಸ ಪ್ಲೈವುಡ್ ಅಳತೆಗೆ ಕೊಯ್ದಿಟ್ಟದ್ದು
ಈಗ ಪದ್ದು ಪೂಜಾರಿಯ ಬೆನ್ನಿಗುಂಟು.

ಶನಿವಾರ ಟೀಚರು ಬಂದರು.
ಹಳೆಯ ಹಲಗೆಯೇ ಇಟ್ಟಿರಾ, ಹುಳ ಹಿಡಿಯುವುದಿಲ್ವಾ, ಎಂದರು.
ತಲೆಯಾಡಿಸಿದೆ.
ಬಿಲ್ಲು ನೋಡಿ, ಅರುವತ್ತು ಉಳಿಯಿತಲ್ಲ ಎಂದು ನಕ್ಕರು.
ಆಮೇಲೆ ಹಲಗೆಯ ಮೇಲೆ ಬೆರಳಾಡಿಸಿ,
ಇದರ ಒಳಗೆ ಎಂತಾದರೂ ಇತ್ತಾ, ಕೇಳಿದರು, ಸುಮ್ಮನೆ ಕೇಳಿದ ಹಾಗೆ.

ಕೊನೆಯ ಮೂಲೆ ಹೊಡೆಯಲಿಕ್ಕೆ ಬಾಕಿ ಇತ್ತು.
ನನ್ನ ತುಟಿಗಳ ನಡುವೆ ಮೂರು ಮೊಳೆ.